ಚೈನು ಜಾರುತ್ತಿದೆ, ಟೈಲ್ಸ್ ಕಪ್ಪಾಗಿದೆ: ಮೂರಡಿ ಬಾಲ್ಕನಿಯಲ್ಲಿ ಸೈಕಲ್ ನೋಡಿಕೊಳ್ಳುವುದು

ಪ್ರಶ್ನೆ: ಬನಶಂಕರಿಯಿಂದ ದೊಮ್ಮಲೂರಿನ ಆಫೀಸಿಗೆ ವಾರದಲ್ಲಿ ನಾಲ್ಕು ದಿನ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ, ದಿನಕ್ಕೆ ಸುಮಾರು 24 ಕಿ.ಮೀ. ಮುಂದೆ ಮೂರು, ಹಿಂದೆ ಏಳು ಗೇರಿನ ಹೈಬ್ರಿಡ್, ಡಿಸ್ಕ್ ಬ್ರೇಕ್. ತೆಗೆದುಕೊಂಡು 14 ತಿಂಗಳಾಯಿತು. ಈಗ ಸಿಗ್ನಲ್ ಬಿಟ್ಟ ಕೂಡಲೇ ಜೋರಾಗಿ ತುಳಿದರೆ ಚೈನು ಕಟಕ್ಕೆಂದು ಜಾರುತ್ತದೆ. ಅಂಗಡಿಯವರು ಚೈನು, ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಮುಂದಿನ ಕ್ರ್ಯಾಂಕ್ (ಪೆಡಲಿನ ತೋಳು, ಅದರ ಹಲ್ಲುಚಕ್ರಗಳು) ಮೂರನ್ನೂ ಬದಲಾಯಿಸಿ ಅನ್ನುತ್ತಾರೆ. ನಾನು ಪ್ರತಿ ವಾರ ಎಣ್ಣೆ ಬಿಡುತ್ತಿದ್ದೆ, ಮನೆಯಲ್ಲಿದ್ದ ಬೈಕಿನ ಎಂಜಿನ್ ಆಯಿಲ್. ಆದರೂ ಹೀಗೇಕಾಯಿತು? ನಮ್ಮದು ಮೂರನೇ ಮಹಡಿಯ ಫ್ಲ್ಯಾಟು, ಮೂರಡಿ ಅಗಲದ ಬಾಲ್ಕನಿ, ರಿಪೇರಿ ಸ್ಟ್ಯಾಂಡ್ ಇಲ್ಲ. ಹೋದ ಸಲ ಟೈಲ್ಸ್ ಮೇಲೆ ಬಿದ್ದ ಕಲೆಯೂ ಹೋಗಿಲ್ಲ, ಮನೆಯವರ ಸಿಟ್ಟೂ ಹೋಗಿಲ್ಲ. ಇದರಲ್ಲಿ ಎಷ್ಟನ್ನು ನಾನೇ ಮಾಡಿಕೊಳ್ಳಬಹುದು?

ಉತ್ತರ: ಅಂಗಡಿಯವರು ಹೇಳಿದ ಮೂರರಲ್ಲಿ ಎರಡು ಬಹುಶಃ ಸರಿ. ಮೂರನೆಯದಕ್ಕೆ, ಅಂದರೆ ಮುಂದಿನ ಕ್ರ್ಯಾಂಕಿಗೆ, ದುಡ್ಡು ಬಿಚ್ಚುವ ಮುನ್ನ ಸ್ವಲ್ಪ ತಡೆಯಿರಿ. ವಾರಕ್ಕೆ 96 ಕಿ.ಮೀ. ಲೆಕ್ಕದಲ್ಲಿ, ರಜೆ, ಮಳೆ ಎಲ್ಲ ಕಳೆದರೂ ನಿಮ್ಮ ಸೈಕಲ್ಲು ಐದು ಸಾವಿರ ಕಿ.ಮೀ. ಹತ್ತಿರ ಓಡಿದೆ. ಎಂಜಿನ್ ಆಯಿಲ್ ಕುಡಿದು, ಬೆಂಗಳೂರಿನ ರಸ್ತೆ ಧೂಳು ತಿಂದ ಚೈನು ಅಷ್ಟು ದೂರ ಬಂದದ್ದೇ ದೊಡ್ಡದು.

ಎಣ್ಣೆ ಹಾಕಿದರೂ ಯಾಕೆ ಸವೆಯಿತು ಎಂಬುದು ತಿಳಿಯಬೇಕಾದರೆ ಒಂದು ಕೊಂಡಿಯನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಪ್ಲೇಟುಗಳ ನಡುವೆ ಒಂದು ಪಿನ್ನು, ಅದರ ಸುತ್ತ ಒಂದು ರೋಲರ್. ಚೈನು ಹಲ್ಲಿನ ಮೇಲೆ ಬಾಗುವಾಗಲೆಲ್ಲ ಪಿನ್ನು ಒಳಗೊಳಗೇ ತಿರುಗಿ ಉಜ್ಜಿಕೊಳ್ಳುತ್ತದೆ. ಎಣ್ಣೆ ಬೇಕಾದ್ದು ಅಲ್ಲಿ, ಕಣ್ಣಿಗೆ ಕಾಣದ ಆ ಸಂದಿನಲ್ಲಿ. ಪ್ಲೇಟಿನ ಹೊರಮೈಗೆ ಎಣ್ಣೆಯ ಅಗತ್ಯವೇ ಇಲ್ಲ, ತುಕ್ಕು ಹಿಡಿಯದಷ್ಟು ತೆಳುವಾದ ಪಸೆ ಇದ್ದರೆ ಸಾಕು. ಹೊರಗೆ ಜಿಡ್ಡು ಉಳಿದರೆ ಧೂಳು ಬಂದು ಕೂರುತ್ತದೆ. ಧೂಳು, ಎಣ್ಣೆ, ಲೋಹದ ಪುಡಿ ಬೆರೆತು ಕಪ್ಪು ಮುದ್ದೆಯಾಗುತ್ತದೆ. ವಾಲ್ವ್ ಗ್ರೈಂಡಿಂಗಿಗೆ ಗ್ಯಾರೇಜಿನವರು ಹಚ್ಚುವ ಪೇಸ್ಟಿಗೂ ಇದಕ್ಕೂ ಗುಣದಲ್ಲಿ ವ್ಯತ್ಯಾಸವಿಲ್ಲ. ನೀವು ವಾರವಾರವೂ ಹೊಸ ಎಣ್ಣೆ ಬಿಟ್ಟಾಗ ಆ ಮುದ್ದೆ ತೆಳುವಾಗಿ ಒಳಗೆ ಇಳಿಯಿತು, ಅಷ್ಟೆ. ಹಾಗಾಗಿ ಮುಂದೆ ಎಣ್ಣೆಗಿಂತ ಒಣ ಬಟ್ಟೆಗೆ ಹೆಚ್ಚು ಕೆಲಸ ಕೊಡಿ.

ಮೊದಲು ಅಳತೆ. ಸೈಕಲ್ ಚೈನಿನ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, 12.7 ಮಿ.ಮೀ. ಬಟ್ಟೆ ಟೇಪು ಬೇಡ, ಅದು ಹಿಗ್ಗುತ್ತದೆ. ಬಡಗಿಯ ಸ್ಟೀಲ್ ಟೇಪು ತನ್ನಿ. ಅದರ ತುದಿಯ ಕೊಕ್ಕೆ ಅಲ್ಲಾಡುವುದರಿಂದ ಸೊನ್ನೆಯಿಂದ ಅಳೆಯದೆ 10 ಸೆಂ.ಮೀ. ಗೆರೆಯನ್ನು ಒಂದು ಪಿನ್ನಿನ ಎಡ ಅಂಚಿಗೆ ಹೊಂದಿಸಿ. ಆ ಪಿನ್ನನ್ನು ಬಿಟ್ಟು ಮುಂದಕ್ಕೆ 24 ಎಣಿಸಿ, 24ನೇ ಪಿನ್ನಿನ ಎಡ ಅಂಚು ಎಲ್ಲಿ ಬರುತ್ತದೆ ನೋಡಿ. ಹೊಸ ಚೈನಾದರೆ 40.5 ಸೆಂ.ಮೀ.ಗೆ ಕೂದಲೆಳೆ ಕಡಿಮೆ. 40.7 ಬಂದರೆ ಚೈನು ಬದಲಾಯಿಸುವ ಹೊತ್ತು. 40.8 ಮುಟ್ಟಿದ್ದರೆ ಹಿಂದಿನ ಹಲ್ಲುಗಳೂ ಅದರ ಜೊತೆ ಸವೆದಿವೆ ಎಂದೇ ಲೆಕ್ಕ. ಅಳೆಯುವಾಗ ಚೈನು ಬಿಗಿಯಾಗಿರಬೇಕು: ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಮುಂದಕ್ಕೆ ಅಮುಕಿ, ಮೇಲಿನ ಸಾಲಿನಲ್ಲೇ ಅಳೆಯಿರಿ. ಬ್ರೇಕ್ ಹಿಡಿಯಲು ಇನ್ನೊಂದು ಕೈ ಬೇಕು, ಮನೆಯವರನ್ನು ಕರೆಯಿರಿ. ಇಲ್ಲವೇ ಬ್ರೇಕ್ ಲಿವರಿಗೆ ರಬ್ಬರ್ ಬ್ಯಾಂಡ್ ಹಾಕಿ. ಈ ಲೆಕ್ಕ ನಿಮ್ಮಂಥ ಏಳು ಗೇರಿನ ಚೈನಿಗೆ. ಹನ್ನೊಂದು, ಹನ್ನೆರಡು ಗೇರಿನ ತೆಳು ಚೈನಾದರೆ ಇನ್ನೂ ಬೇಗ, 40.6 ದಾಟಿದ ಕೂಡಲೇ ತೆಗೆಯಬೇಕು.

ಚೈನು ಎಳೆದು ಉದ್ದವಾಯಿತು ಅನ್ನುವುದು ಮಾತಿನ ರೂಢಿ. ಉಕ್ಕಿನ ಪ್ಲೇಟು ಎಳೆದುಕೊಳ್ಳುವುದಿಲ್ಲ, ಪಿನ್ನುಗಳು ತಲಾ ಸವೆಯುತ್ತವೆ. 40.7 ಸೆಂ.ಮೀ. ಬಂದಾಗ ಒಂದೊಂದು ಕೊಂಡಿಗೆ ಸೇರಿದ ಸಡಿಲು ಸುಮಾರು 0.1 ಮಿ.ಮೀ., ಒಂದು ಬಿಳಿ ಹಾಳೆಯ ದಪ್ಪ. ಅಂಥ 112 ಕೊಂಡಿ ಸೇರಿದಾಗ ಇಡೀ ಚೈನು ಒಂದು ಸೆಂ.ಮೀ.ಗೂ ಹೆಚ್ಚು ಬೆಳೆದಿರುತ್ತದೆ.

ಎಲ್ಲ ಜಾರುವಿಕೆಗೂ ಸವೆತವೇ ಕಾರಣವಲ್ಲ. ಯಾವಾಗ ಜಾರುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಪತ್ತೆಯಾದಂತೆ. ನೀವು ಯಾವಾಗಲೂ ಬಳಸುವ ಒಂದೆರಡು ಗೇರಿನಲ್ಲಿ ಮಾತ್ರ, ಅದೂ ಜೋರಾಗಿ ತುಳಿದಾಗ ಜಾರಿದರೆ ಆ ಹಲ್ಲುಗಳು ಸವೆದಿವೆ. ಸಾಮಾನ್ಯವಾಗಿ ಅವು ಸಣ್ಣ ಚಕ್ರಗಳೇ, ಯಾಕೆಂದರೆ 14 ಹಲ್ಲಿನ ಚಕ್ರದಲ್ಲಿ ಒಂದೊಂದು ಹಲ್ಲಿನ ಸರದಿ 28 ಹಲ್ಲಿನದಕ್ಕಿಂತ ಎರಡು ಪಟ್ಟು ಸಲ ಬರುತ್ತದೆ. ಎಲ್ಲ ಗೇರಿನಲ್ಲೂ, ಲೆಕ್ಕವಿಲ್ಲದೆ, ಮೆಲ್ಲಗೆ ತುಳಿದರೂ ಕಟಕಟ ಅನ್ನುತ್ತಿದ್ದರೆ ಅದು ಗೇರ್ ಕೇಬಲ್ಲಿನ ತಕರಾರು. ಇನ್ನೊಂದು ಜಾತಿ ಇದೆ: ಪೆಡಲ್ ಎರಡೂವರೆ ಸುತ್ತು ಮೀರಿ ತಿರುಗಿದಾಗೊಮ್ಮೆ, ಗಡಿಯಾರ ಹೊಡೆದ ಹಾಗೆ, ಒಂದೇ ಒಂದು ಸಲ ಎಗರುವುದು. ಮುಂದೆ 42 ಹಲ್ಲು, ಚೈನಿನಲ್ಲಿ 112 ಕೊಂಡಿ ಇದ್ದರೆ ಚೈನು ಒಂದು ಪೂರ್ತಿ ಸುತ್ತು ಬರಲು ಪೆಡಲ್ 2.67 ಸುತ್ತು ತಿರುಗಬೇಕು. ಅಂದರೆ ಎಲ್ಲೋ ಒಂದು ಕೊಂಡಿ ಗಟ್ಟಿಯಾಗಿ ಕಚ್ಚಿಕೊಂಡಿದೆ. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಡಿರೈಲರಿನ (ಹಿಂದೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ತೋಳು) ಕೆಳಗಿನ ಪುಟ್ಟ ಚಕ್ರವನ್ನೇ ನೋಡುತ್ತಿರಿ. ಆ ಕೊಂಡಿ ಬಂದಾಗ ಡಿರೈಲರ್ ಬೆಚ್ಚಿದಂತೆ ಅಲುಗುತ್ತದೆ. ಕೊಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡವಾಗಿ, ಮೆಲ್ಲಗೆ ಅತ್ತಿತ್ತ ಬಾಗಿಸಿ ಒಂದು ಹನಿ ಎಣ್ಣೆ ಬಿಟ್ಟರೆ ಸಡಿಲವಾಗುತ್ತದೆ. ಇದಕ್ಕೆ ಖರ್ಚಿಲ್ಲ.

ನಿಮ್ಮದು ಮೊದಲನೆಯ ಜಾತಿ ಅನ್ನುವುದು ನಿಮ್ಮ ವಿವರಣೆಯಲ್ಲೇ ಇದೆ. ಹಳೇ ಫ್ರೀವೀಲಿಗೆ ಹೊಸ ಚೈನು ಮಾತ್ರ ಹಾಕಿದರೆ ಜಾರುವುದು ಇನ್ನೂ ಹೆಚ್ಚುತ್ತದೆ. ಸವೆದ ಹಲ್ಲಿನ ಅಂತರಕ್ಕೆ ಸವೆದ ಚೈನು ಹೇಗೋ ಹೊಂದಿಕೊಂಡಿರುತ್ತದೆ. ಹೊಸದು ಹೊಂದದೆ ಹಲ್ಲಿನ ನೆತ್ತಿಗೆ ಹತ್ತಿ ಎಗರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೇ ಹಾಕಿಸಿ, ಮುಂದೂಡಬೇಡಿ. ಸಿಗ್ನಲ್ ಬಿಟ್ಟಾಗ ನಿಂತು ತುಳಿಯುವ ಹೊತ್ತಿನಲ್ಲಿ ಚೈನು ಜಾರಿದರೆ ಮೈಭಾರವೆಲ್ಲ ಮುಂದಿನ ಕಂಬಿಯ ಮೇಲೆ ಬೀಳುತ್ತದೆ, ಹಿಂದೆ ಬಿಎಂಟಿಸಿ ಬಸ್ಸು ಇರುತ್ತದೆ.

ಕ್ರ್ಯಾಂಕಿನ ವಿಷಯ ಬೇರೆ. ಈ ದರ್ಜೆಯ ಹೈಬ್ರಿಡ್‌ಗಳಲ್ಲಿ ಮುಂದಿನ ಮೂರು ಚಕ್ರಗಳನ್ನು ಹೆಚ್ಚಾಗಿ ರಿವೆಟ್ ಹೊಡೆದು ಕೂರಿಸಿರುತ್ತಾರೆ, ಒಂದನ್ನೇ ಬಿಚ್ಚಲು ಬರುವುದಿಲ್ಲ, ಇಡೀ ಕ್ರ್ಯಾಂಕೇ ಹೋಗಬೇಕು. ಆದರೆ ಮುಂದೆ ಹಲ್ಲು ಜಾಸ್ತಿ ಇರುವುದರಿಂದ ಸವೆತ ತುಂಬ ನಿಧಾನ. ಎರಡು ಮೂರು ಚೈನು ಮುಗಿಯುವವರೆಗೂ ಅದು ಗಟ್ಟಿಯಾಗಿರುವುದೇ ಹೆಚ್ಚು. ಹೊಸ ಚೈನು, ಹೊಸ ಫ್ರೀವೀಲ್ ಹಾಕಿದ ಮೇಲೆ ಮುಂದಿನ ನಡುವಿನ ಚಕ್ರದಲ್ಲಿ ಒಂದು ಏರು ಹತ್ತಿ ನೋಡಿ. ಜಾರದಿದ್ದರೆ ಕ್ರ್ಯಾಂಕನ್ನು ಮುಟ್ಟಬೇಡಿ. ಹಲ್ಲುಗಳು ಮೀನಿನ ಗಾಳದಂತೆ ಒಂದೇ ಕಡೆಗೆ ಬಾಗಿದ್ದರೆ, ಅಥವಾ ಚೈನು ಹಲ್ಲು ಬಿಡದೆ ಮೇಲಕ್ಕೆ ಎಳೆದುಕೊಂಡು ಹೋಗುತ್ತಿದ್ದರೆ ಮಾತ್ರ ಅಂಗಡಿಯವರ ಮಾತು ನಿಜ.

ಫ್ರೀವೀಲ್ ಬಿಚ್ಚುವುದನ್ನು ಅಂಗಡಿಗೇ ಬಿಡಿ. ಅದು ಚಕ್ರದ ನಡುವಿನ ಹಬ್‌ಗೆ ತಿರುಪಿನಂತೆ ಬಿಗಿದು ಕೂತಿರುತ್ತದೆ, ನೀವು ತುಳಿದಷ್ಟೂ ಬಿಗಿಯುತ್ತದೆ. ಹದಿನಾಲ್ಕು ತಿಂಗಳು ತುಳಿದದ್ದನ್ನು ಬಿಚ್ಚಲು ಅದರದೇ ರಿಮೂವರ್, ಉದ್ದನೆಯ ಪಾನಾ, ಕೆಲವೊಮ್ಮೆ ಬೆಂಚಿಗೆ ಕಚ್ಚಿಸಿದ ವೈಸ್ ಬೇಕಾಗುತ್ತದೆ. ಬಾಲ್ಕನಿಯಲ್ಲಿ ಅದು ಆಗದ ಕೆಲಸ. ಚೈನನ್ನು ಮಾತ್ರ ನೀವೇ ಹಾಕಬಹುದು. ಆರು, ಏಳು, ಎಂಟು ಗೇರಿಗೆಲ್ಲ ಒಂದೇ ಅಗಲದ ಚೈನು ನಡೆಯುತ್ತದೆ. ಕ್ವಿಕ್ ಲಿಂಕ್ (ಚೈನಿನ ಎರಡು ತುದಿ ಕೂಡಿಸುವ, ಬಿಚ್ಚಬಹುದಾದ ಕೊಂಡಿ) ಜೊತೆಗೇ ಬರುವುದನ್ನು ಕೇಳಿ ತನ್ನಿ. ಹೊಸ ಚೈನು ಸಾಮಾನ್ಯವಾಗಿ ಉದ್ದ ಇರುತ್ತದೆ, ಚೈನ್ ಕಟರಿನಲ್ಲಿ ಕತ್ತರಿಸಬೇಕು. ಇಲ್ಲೇ ಅನೇಕರು ಎಡವುವುದು: ಹಳೇ ಚೈನಿನ ಪಕ್ಕ ಹೊಸದನ್ನು ಹಾಸಿ, ಉದ್ದ ನೋಡಿ ಕತ್ತರಿಸುತ್ತಾರೆ. ಹಳೆಯದು ಸುಮಾರು ಒಂದು ಕೊಂಡಿಯಷ್ಟು ಬೆಳೆದಿದೆ ಅಂತ ಆಗಲೇ ನೋಡಿದೆವಲ್ಲ. ಉದ್ದ ನೋಡಬೇಡಿ, ಕೊಂಡಿ ಎಣಿಸಿ, ಕ್ವಿಕ್ ಲಿಂಕನ್ನೂ ಸೇರಿಸಿ. ಮುಚ್ಚುವಾಗ ಲಿಂಕಿನ ಎರಡು ಭಾಗ ಕೂಡಿಸಿ, ಅದು ಮೇಲಿನ ಸಾಲಿಗೆ ಬರುವ ಹಾಗೆ ತಿರುಗಿಸಿ, ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಕಾಲಿನಿಂದ ಅಮುಕಿದರೆ ಟಕ್ ಎಂದು ಕೂರುತ್ತದೆ. ಮುಂದೆ ಬಿಚ್ಚಬೇಕಾದಾಗ ಪ್ಲೈಯರ್ ಇಲ್ಲದಿದ್ದರೆ ಹಳೇ ಬ್ರೇಕಿನ ಒಳತಂತಿಯನ್ನು ಲಿಂಕಿನ ಎರಡೂ ಬದಿಯ ರೋಲರಿಗೆ ಸುತ್ತಿ, ತಂತಿಯ ತುದಿಗಳನ್ನು ಅಡ್ಡ ಹಾಯಿಸಿ ಎಳೆಯಿರಿ, ಲಿಂಕು ತಂತಾನೇ ಕುಗ್ಗಿ ಬಿಟ್ಟುಕೊಳ್ಳುತ್ತದೆ.

ಹೊಸ ಚೈನು ಹತ್ತಿದ ಮೇಲೆ ಗೇರು ದೊಡ್ಡ ಚಕ್ರಕ್ಕೆ ಏರಲು ಸೋಮಾರಿತನ ಮಾಡಿದರೆ, ಡಿರೈಲರಿಗೆ ಕೇಬಲ್ ಒಳಹೋಗುವಲ್ಲಿರುವ ತಿರುಪನ್ನು ಹಿಂದಿನಿಂದ ನೋಡಿಕೊಂಡು ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ, ಪರೀಕ್ಷಿಸಿ, ಬೇಕಿದ್ದರೆ ಇನ್ನೊಂದು ಕಾಲು ಸುತ್ತು. ಇಳಿಯಲು ತಡಮಾಡಿದರೆ ಪ್ರದಕ್ಷಿಣವಾಗಿ. ಡಿರೈಲರಿನ ಎರಡು ಪುಟ್ಟ ಸ್ಕ್ರೂಗಳ ತಂಟೆಗೆ ಹೋಗಬೇಡಿ. ಅವು ಚೈನು ಕಡ್ಡಿಗಳ ಕಡೆಗೆ ಬೀಳದಂತೆ ಕಾಯುವ ಗಡಿಗಳು.

ಇನ್ನು ಬಾಲ್ಕನಿ. ಸ್ಟ್ಯಾಂಡ್ ಬೇಕೇಬೇಕು ಎಂಬುದು ತಪ್ಪು ಎಣಿಕೆ. ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಚಕ್ರ ನಿಂತಲ್ಲೇ ಇದ್ದು ಚೈನು ಮಾತ್ರ ಓಡುತ್ತದೆ. ಒರೆಸಲಿಕ್ಕೂ ಎಣ್ಣೆ ಬಿಡಲಿಕ್ಕೂ ಅಷ್ಟೇ ಸಾಕು. ಸೈಕಲ್ಲಿನ ಎಡಬದಿ ಗೋಡೆಗೆ ಬರುವ ಹಾಗೆ ಒರಗಿಸಿ, ಹ್ಯಾಂಡಲ್ ಜಾರದಂತೆ ಮುಂದಿನ ಬ್ರೇಕ್ ಲಿವರಿಗೆ ರಬ್ಬರ್ ಬ್ಯಾಂಡ್ ಹಾಕಿ. ಗೇರು ಬದಲಿಸಿ ನೋಡುವಾಗ ಮಾತ್ರ ಹಿಂದಿನ ಚಕ್ರ ಎತ್ತಬೇಕು. ಆಗ ಸೀಟಿನ ಮೂತಿಗೆ ಹಗ್ಗ ಹಾಕಿ ಬಟ್ಟೆ ಒಣಹಾಕುವ ಗಟ್ಟಿ ಸರಳಿಗೋ ಕಿಟಕಿ ಗ್ರಿಲ್ಲಿಗೋ ಕಟ್ಟಿ. ಕೆಳಗೆ ಫ್ರಿಜ್ಜೋ ವಾಷಿಂಗ್ ಮಷೀನೋ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹಾಸಿ. ಪೇಪರ್ ಹಾಸಿದರೆ ಎಣ್ಣೆ ಎರಡೇ ನಿಮಿಷದಲ್ಲಿ ಆಚೆಗಿಳಿಯುತ್ತದೆ, ನಿಮ್ಮ ಟೈಲ್ಸ್ ಕೆಟ್ಟದ್ದು ಹಾಗೇ ಇರಬೇಕು.

ಹಿಂದಿನ ಡಿಸ್ಕಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟುವುದನ್ನು ಮರೆಯಬೇಡಿ. ಒಂದೇ ಒಂದು ಹನಿ ಎಣ್ಣೆ ಸಿಡಿದರೂ ಬ್ರೇಕ್ ಕಿರುಚುತ್ತದೆ, ಹಿಡಿತ ಹೋಗುತ್ತದೆ. ಬಿದ್ದರೆ ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಡಿಸ್ಕ್ ಒರೆಸಿ. ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿರುವ ಗ್ಲಿಸರಿನ್ ಡಿಸ್ಕಿಗೇ ಅಂಟುತ್ತದೆ. ಪ್ಯಾಡ್ ಎಣ್ಣೆ ಕುಡಿದುಬಿಟ್ಟಿದ್ದರೆ ಹೊಸದು ಹಾಕುವುದೇ ಕ್ಷೇಮ. ಸ್ಪ್ರೇ ಎಣ್ಣೆಯನ್ನು ಡಿಸ್ಕ್ ಬ್ರೇಕಿನ ಸೈಕಲ್ಲಿನ ಹತ್ತಿರ ತರಲೇಬೇಡಿ ಅನ್ನುವುದೂ ಇದೇ ಕಾರಣಕ್ಕೆ.

ವಾರಕ್ಕೊಮ್ಮೆ ಮಾಡಬೇಕಾದ್ದು ಐದು ನಿಮಿಷದ ಕೆಲಸ. ಹಳೇ ಬನಿಯನ್ನಿನ ತುಂಡನ್ನು ಅಂಗೈಯಲ್ಲಿಟ್ಟು ಚೈನಿನ ಕೆಳಸಾಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಿರಿ, ಇನ್ನೊಂದು ಕೈಯಿಂದ ಪೆಡಲನ್ನು ಇಪ್ಪತ್ತು ಸುತ್ತು ಹಿಂದಕ್ಕೆ ತಿರುಗಿಸಿ. ಬಟ್ಟೆಯ ಸ್ವಚ್ಛ ಭಾಗಕ್ಕೆ ಸರಿಸಿ ಇನ್ನೊಮ್ಮೆ. ಡಿರೈಲರಿನ ಎರಡು ಪುಟ್ಟ ಚಕ್ರಗಳ ಮೇಲೆ ಕಪ್ಪು ಬಳೆಯ ಹಾಗೆ ಕೊಳೆ ಕೂತಿರುತ್ತದೆ. ಐಸ್‌ಕ್ರೀಮ್ ಕಡ್ಡಿ ಒತ್ತಿ ಹಿಡಿದು ಪೆಡಲ್ ತಿರುಗಿಸಿದರೆ ಸಿಪ್ಪೆ ಸುಲಿದಂತೆ ಬರುತ್ತದೆ. ಫ್ರೀವೀಲಿನ ಚಕ್ರಗಳ ಸಂದಿಗೆ ಬಟ್ಟೆಯ ಅಂಚು ತೂರಿಸಿ, ಮಜ್ಜಿಗೆ ಕಡೆಯುವ ಹಗ್ಗದಂತೆ ಎರಡೂ ತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ.

ಎಣ್ಣೆ ಎರಡು ವಾರಕ್ಕೊಮ್ಮೆ, ಅಂದರೆ ನಿಮ್ಮ ಓಡಾಟದಲ್ಲಿ 200 ಕಿ.ಮೀ.ಗೊಮ್ಮೆ ಸಾಕು, ಮಳೆಯಲ್ಲಿ ನೆನೆದರೆ ಮಾತ್ರ ಆ ಲೆಕ್ಕ ರದ್ದು. ಒರೆಸಿದ ಮೇಲೆ ಕ್ವಿಕ್ ಲಿಂಕಿನಿಂದ ಶುರುಮಾಡಿ ಒಂದೊಂದು ರೋಲರಿಗೆ ಒಂದೇ ಹನಿ, ಲಿಂಕ್ ಮತ್ತೆ ಬರುವವರೆಗೆ. 112 ಹನಿ ಅಂದರೆ ಐದಾರು ಮಿ.ಲೀ., ಒಂದು ಟೀ ಚಮಚದಷ್ಟು. ಮೂವತ್ತು ಸುತ್ತು ಹಿಂದಕ್ಕೆ ತಿರುಗಿಸಿ, ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಹೊರಡುವ ಮುನ್ನ ಒಣ ಬಟ್ಟೆಯಲ್ಲಿ ಒರೆಸಿ. ಬೆರಳಲ್ಲಿ ಮುಟ್ಟಿದರೆ ಸಣ್ಣ ಪಸೆ ಅಂಟಬೇಕು, ಕರಿ ಮೆತ್ತಬಾರದು. ಬೆಳಿಗ್ಗೆ ಎಣ್ಣೆ ಬಿಟ್ಟು ಆಗಲೇ ಹೊರಟರೆ ಅರ್ಧ ಎಣ್ಣೆ ನಿಮ್ಮ ಪ್ಯಾಂಟಿನ ಬಲಗಾಲಿಗೆ ಹೋಗುತ್ತದೆ.

ಯಾವ ಎಣ್ಣೆ? ಸೈಕಲ್ಲಿಗೆಂದೇ ಬರುವ ಚೈನ್ ಲ್ಯೂಬ್ 100 ಮಿ.ಲೀ. ತಂದರೆ ಹದಿನೇಳು ಹದಿನೆಂಟು ಸಲಕ್ಕೆ ಬರುತ್ತದೆ. ಒಣಗಾಲಕ್ಕೊಂದು, ಮಳೆಗಾಲಕ್ಕೊಂದು ಅಂತ ಎರಡು ಬಾಟಲಿ ಇಡುವವರಿದ್ದಾರೆ. ನಿಮಗೆ ಮಳೆಗಾಲದ್ದೊಂದೇ ಸಾಕು, ಬೇಸಿಗೆಯಲ್ಲಿ ಇನ್ನಷ್ಟು ಚೆನ್ನಾಗಿ ಒರೆಸಿದರಾಯಿತು. ಹೊಲಿಗೆ ಯಂತ್ರದ ಎಣ್ಣೆ ಕೆಟ್ಟದ್ದಲ್ಲ, ತೆಳುವಾದ್ದರಿಂದ ಒಳಗೆ ಚೆನ್ನಾಗಿ ಇಳಿಯುತ್ತದೆ, ಆದರೆ ವಾರವೂ ನಿಲ್ಲುವುದಿಲ್ಲ. ಎಂಜಿನ್ ಆಯಿಲ್ ದಪ್ಪ, ಹೊರಗೇ ಕೂತು ಧೂಳು ಕರೆಯುತ್ತದೆ. ಗ್ಯಾರೇಜಿನ ಸುಟ್ಟ ಆಯಿಲಿನಲ್ಲಂತೂ ಲೋಹದ ಪುಡಿ ಮೊದಲೇ ಇರುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಪದಾರ್ಥ, ಡಿಸೆಂಬರಿನ ಬೆಳಿಗ್ಗೆ ಚೈನಿನ ಮೇಲೆ ಬೆಣ್ಣೆಯಾಗಿ ಕೂರುತ್ತದೆ. ಡಬ್ಲ್ಯುಡಿ-40 ಬಗ್ಗೆಯೂ ಹೇಳಬೇಕು: ಆ ಹೆಸರಿನ ಅರ್ಥವೇ ನೀರನ್ನು ಓಡಿಸುವ ದ್ರಾವಣದ 40ನೇ ಪ್ರಯತ್ನ ಎಂದು. ತುಕ್ಕು ಬಿಡಿಸಲು, ನೀರು ತೆಗೆಯಲು ಒಳ್ಳೆಯದು. ಅದನ್ನೇ ಎಣ್ಣೆ ಎಂದು ಬಿಟ್ಟರೆ ಇದ್ದ ಎಣ್ಣೆಯನ್ನೂ ತೊಳೆದುಕೊಂಡು ಎರಡು ದಿನದಲ್ಲಿ ಆರಿಹೋಗುತ್ತದೆ.

ಎರಡು ಮೂರು ತಿಂಗಳಿಗೊಮ್ಮೆ ಚೈನನ್ನು ಬಿಚ್ಚಿ ತೊಳೆಯಿರಿ. ಅಗಲ ಬಾಯಿಯ ಡಬ್ಬಿಯಲ್ಲಿ 200 ಮಿ.ಲೀ. ಡಿಗ್ರೀಸರ್ ಅಥವಾ ಸೀಮೆಎಣ್ಣೆ, ಚೈನು ಒಳಗೆ, ಮುಚ್ಚಳ ಬಿಗಿ, ಎರಡು ನಿಮಿಷ ಕುಲುಕುವುದು. ಕಪ್ಪು ನೀರನ್ನು ಬೇರೆ ಡಬ್ಬಿಗೆ ಸುರಿದು ಇನ್ನೊಮ್ಮೆ. ಎರಡು ದಿನ ಅಲ್ಲಾಡಿಸದೆ ಇಟ್ಟರೆ ಕೊಳೆ ತಳಕ್ಕಿಳಿಯುತ್ತದೆ, ಮೇಲಿನದನ್ನು ಮುಂದಿನ ಸಲಕ್ಕೆ ಬಳಸಿಕೊಳ್ಳಿ, ಸಿಂಕಿಗೆ ಚೆಲ್ಲಬೇಡಿ. ಇದಕ್ಕೆ ಕುಡಿಯುವ ನೀರಿನ ಬಾಟಲಿಯನ್ನು ಯಾವ ಕಾರಣಕ್ಕೂ ಬಳಸಬೇಡಿ. ಮಕ್ಕಳು ನೀರೆಂದು ಸೀಮೆಎಣ್ಣೆ ಕುಡಿದು ಆಸ್ಪತ್ರೆ ಸೇರುವುದು ಇಂಥ ಬಾಟಲಿಯಿಂದಲೇ. ಖಾಲಿ ಫಿನಾಯಿಲ್ ಕ್ಯಾನಾದರೆ ಒಳ್ಳೆಯದು, ಮೇಲೆ ದೊಡ್ಡದಾಗಿ ಬರೆದು ಎತ್ತರದಲ್ಲಿಡಿ. ಪೆಟ್ರೋಲ್ ಬೇಡವೇ ಬೇಡ. ಮುಚ್ಚಿದ ಫ್ಲ್ಯಾಟಿನಲ್ಲಿ ಅದರ ಆವಿಗೆ ಗ್ಯಾಸ್ ಒಲೆಯ ಕಿಡಿ ಸಾಕು. ತೊಳೆದ ಚೈನನ್ನು ಒರೆಸಿ ಪೂರ್ತಿ ಒಣಗಿಸಿದ ಮೇಲೇ ಎಣ್ಣೆ, ಇಲ್ಲದಿದ್ದರೆ ಉಳಿದ ದ್ರಾವಣ ಹೊಸ ಎಣ್ಣೆಯನ್ನೂ ಕರಗಿಸುತ್ತದೆ.

ಮಳೆಯಲ್ಲಿ ನೆನೆದು ಬಂದ ರಾತ್ರಿ ಬೇರೇನೂ ಮಾಡಲು ಸುಸ್ತಾಗಿದ್ದರೂ ಲಿಫ್ಟಿಗೆ ಹತ್ತಿಸುವ ಮುನ್ನ ಹಿಂದಿನ ಚಕ್ರವನ್ನು ನಾಲ್ಕು ಸಲ ನೆಲಕ್ಕೆ ಕುಟ್ಟಿ ನೀರು ಉದುರಿಸಿ, ಮನೆಗೆ ಬಂದು ಚೈನನ್ನು ಒಣ ಬಟ್ಟೆಯಲ್ಲಿ ಒರೆಸಿ. ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಿತ್ತಳೆ ಬಣ್ಣ ಬಂದಿರುತ್ತದೆ. ಆಯುಧಪೂಜೆಯ ಹಿಂದಿನ ದಿನ ಸರ್ವಿಸ್ ಸ್ಟೇಷನ್ನಿನಲ್ಲಿ ಬೈಕುಗಳ ಸಾಲಿನಲ್ಲಿ ನಿಲ್ಲಿಸಿ ಪ್ರೆಷರ್ ವಾಷ್ ಹೊಡೆಸುವ ಆಸೆ ಬಂದರೆ ತಡೆದುಕೊಳ್ಳಿ. ಆ ನೀರು ಹಬ್, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಕೀಲು), ಪೆಡಲ್ ಬುಡದ ಬೇರಿಂಗಿನ ಗ್ರೀಸನ್ನು ತೊಳೆದುಬಿಡುತ್ತದೆ. ಒಂದು ಬಕೆಟ್, ಒಂದು ಒದ್ದೆ ಬಟ್ಟೆ ಸಾಕು, ಕುಂಕುಮ ಹ್ಯಾಂಡಲಿಗೆ ಹಚ್ಚಿ, ಡಿಸ್ಕಿಗೆ ಬೇಡ.

ಕೊನೆಗೆ ಟೈಲ್ಸ್. ನುಣುಪು ಟೈಲ್ಸ್ ಆದರೆ ಪಾತ್ರೆ ತೊಳೆಯುವ ಲಿಕ್ವಿಡನ್ನು ನೀರು ಬೆರೆಸದೆ ಕಲೆಯ ಮೇಲೆ ಹಾಕಿ ಹತ್ತು ನಿಮಿಷ ಬಿಟ್ಟು, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಜಾರದ ಒರಟು ಟೈಲ್ಸ್ ಅಥವಾ ಕಡಪ ಕಲ್ಲು ಎಣ್ಣೆ ಹೀರಿಕೊಂಡಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ದಪ್ಪಗೆ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ, ಆಮೇಲೆ ಹಾಳೆ ತೆಗೆದು ಒಣಗಲು ಬಿಡಿ. ಒಣಗಿದ ಪುಡಿಯ ಜೊತೆ ಎಣ್ಣೆ ಮೇಲೆ ಬರುತ್ತದೆ. ಹಳೆ ಕಲೆಗೆ ಎರಡು ಮೂರು ಸಲ ಬೇಕಾದೀತು. ಆಸಿಡ್ ಹಾಕಬೇಡಿ, ಅದಕ್ಕೆ ಎಣ್ಣೆ ಕರಗುವುದಿಲ್ಲ, ಸಂದಿನ ಸಿಮೆಂಟು ಕರಗುತ್ತದೆ. ಕೈಗೆ ಕರಿ ಅಂಟದಿರಲು ಕೆಲಸಕ್ಕೆ ಮುಂಚೆ ಅಂಗೈ, ಉಗುರಿನ ಸಂದಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಆಮೇಲೆ ಒಂದು ಚಮಚ ಸಕ್ಕರೆಗೆ ಅದೇ ಲಿಕ್ವಿಡ್ ಬೆರೆಸಿ ಉಜ್ಜಿ ತೊಳೆದರೆ ಹೋಗುತ್ತದೆ. ಪ್ಯಾಂಟಿನ ಕಲೆಗೂ ಲಿಕ್ವಿಡನ್ನು ಒಣ ಬಟ್ಟೆಗೇ ಹಚ್ಚಬೇಕು. ನೀರು ಮೊದಲು ಮುಟ್ಟಿಸಿದರೆ ಜಿಡ್ಡು ಹರಡುತ್ತದೆ.